ಸಾಂಗಲಿಯ ಹುಡುಗ ಮತ್ತು ‘ಉಳಿದವರ’ ತಂಡ

ಸಾಂಗಲಿ ಜಿಲ್ಲೆಯ ಮಿರಜ್ ತಾಲ್ಲೂಕಿನ ಖಂಡೇರಾಜುರಿ ಸೀಮೆಯಲ್ಲಿ ಜೋಳದ ರಾಶಿ ಮುಗಿದರೆ ಹೊಲಗಳು ಬಯಲಾಗುತ್ತವೆ. ಮೂರು ಕೋಲು ನೆಟ್ಟರೆ ಅದೇ ಕ್ರಿಕೆಟ್ ಮೈದಾನ. ಇಬ್ಬರು ನಾಯಕರು ಎದುರುಬದುರು ನಿಂತು ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತಾರೆ. ಮನೆಯಲ್ಲಿ ಕನ್ನಡ ಆಡುವವನೂ ಮರಾಠಿ ಆಡುವವನೂ ಒಂದೇ ಕಡೆ ಬೀಳುತ್ತಾರೆ. ಯಾರ ಕೈಯಿಂದ ಕ್ಯಾಚ್ ಜಾರುವುದಿಲ್ಲ ಎಂಬುದೊಂದೇ ಲೆಕ್ಕ. ಆದರೆ ಈ ಲೆಕ್ಕ ಕ್ರಿಕೆಟ್ಟಿಗೆ ಹುಟ್ಟಿನಿಂದ ಬಂದದ್ದಲ್ಲ.

ಬ್ರಿಟನ್ನಿನಲ್ಲಿ ತಂಡವೆಂದರೆ ಊರು, ಕಸುಬು, ಅಂತಸ್ತು. 1886ರಲ್ಲಿ ವುಲಿಚ್‌ನ ಶಸ್ತ್ರಾಸ್ತ್ರ ಕಾರ್ಖಾನೆಯ ಕಾರ್ಮಿಕರು ಕಟ್ಟಿಕೊಂಡ ಫುಟ್‌ಬಾಲ್ ತಂಡವೇ ಇಂದಿನ ಆರ್ಸೆನಲ್. ಕ್ರಿಕೆಟ್ಟಿನಲ್ಲಂತೂ 1806ರಲ್ಲಿ ಶುರುವಾದ ‘ಜಂಟಲ್‌ಮೆನ್’ ಮತ್ತು ‘ಪ್ಲೇಯರ್ಸ್’ ಪಂದ್ಯಗಳು 1962ರವರೆಗೆ ನಡೆದವು. ಹವ್ಯಾಸಕ್ಕೆ ಆಡುವವರು ಒಂದು ಕಡೆ, ಹಣ ಪಡೆದು ಆಡುವವರು ಇನ್ನೊಂದು ಕಡೆ. ಮೈದಾನಕ್ಕಿಳಿಯುವ ಬಾಗಿಲುಗಳೂ ಎಷ್ಟೋ ಕಡೆ ಬೇರೆ ಬೇರೆ.

ಆಟ ಮುಂಬಯಿಗೆ ಬಂದಾಗ ಅಂತಸ್ತಿನ ಜಾಗದಲ್ಲಿ ಧರ್ಮ ಕೂತಿತು. ಪಾರ್ಸಿಗಳು 1848ರಲ್ಲೇ ಕ್ಲಬ್ಬು ಕಟ್ಟಿದ್ದರು. ಯುರೋಪಿಯನ್ನರ ಜೊತೆ ಅವರು ಆಡುತ್ತಿದ್ದ ಪಂದ್ಯಕ್ಕೆ 1907ರಲ್ಲಿ ಹಿಂದೂಗಳು, 1912ರಲ್ಲಿ ಮುಸ್ಲಿಮರು ಸೇರಿದರು. ಯಾವ ತಂಡಕ್ಕೂ ಸೇರದವರಿಗೆ 1937ರಲ್ಲಿ ಐದನೆಯದೊಂದು ತಂಡ ಹುಟ್ಟಿತು. ಅದರ ಹೆಸರೇ ‘ದಿ ರೆಸ್ಟ್’, ಉಳಿದವರು.

1915ರಲ್ಲಿ ಸಾಂಗಲಿಯ ಕ್ರೈಸ್ತ ಶಾಲಾ ಮಾಸ್ತರರ ಮನೆಯಲ್ಲಿ ಹುಟ್ಟಿದ ವಿಜಯ್ ಹಜಾರೆ ಆಡಿದ್ದು ಈ ತಂಡಕ್ಕೆ. 1943ರ ಡಿಸೆಂಬರ್‌ನಲ್ಲಿ ಹಿಂದೂ ತಂಡದೆದುರು ಉಳಿದವರು ಎರಡನೇ ಇನಿಂಗ್ಸ್‌ನಲ್ಲಿ ಗಳಿಸಿದ್ದು 387 ರನ್. ಅದರಲ್ಲಿ ಹಜಾರೆಯವರದೇ 309! ತಮ್ಮ ವಿವೇಕ್ ಜೊತೆಗಿನ ಜೊತೆಯಾಟದಲ್ಲಿ 300 ರನ್ ಬಂದವು. ವಿವೇಕ್ ಪಾಲು ಬರೀ 21. ಗಂಟೆಗಟ್ಟಲೆ ಆ ತುದಿ ಕಾದು ನಿಂತ ತಮ್ಮನಿಲ್ಲದೆ ಅಣ್ಣನ ಆ 309 ಎಲ್ಲಿಂದ ಬರಬೇಕು? ತಂಡ ಎಂಬ ಮಾತಿನ ತಿರುಳು ನನಗೆ ಕಾಣುವುದು ಆ 21ರಲ್ಲಿ.

ಧರ್ಮವಾರು ಪಂದ್ಯಾವಳಿ 1946ರಲ್ಲಿ ನಿಂತಿತು. 1952ರ ಫೆಬ್ರುವರಿಯಲ್ಲಿ ಮದರಾಸಿನಲ್ಲಿ ಭಾರತ ತನ್ನ ಮೊದಲ ಟೆಸ್ಟ್ ಗೆಲುವು ಕಂಡಿತು. ಸೋತದ್ದು ಇಂಗ್ಲೆಂಡ್, ಇನಿಂಗ್ಸ್ ಮತ್ತು 8 ರನ್‌ಗಳಿಂದ. ವಿನೂ ಮಂಕಡ್ 12 ವಿಕೆಟ್ ಕಿತ್ತರು. ಪಾಲಿ ಉಮ್ರಿಗರ್ ಔಟಾಗದೆ 130 ಹೊಡೆದರು. ಕೊನೆಯ ಇನಿಂಗ್ಸ್‌ನಲ್ಲಿ ಗುಲಾಂ ಅಹ್ಮದ್ ನಾಲ್ಕು ವಿಕೆಟ್ ಪಡೆದರು. ಹಿಂದೂ, ಪಾರ್ಸಿ, ಮುಸ್ಲಿಂ ತಂಡಗಳಲ್ಲಿ ಹಂಚಿಹೋಗಬಹುದಾಗಿದ್ದ ಇವರಿಗೆಲ್ಲ ನಾಯಕ ‘ಉಳಿದವರ’ ಹಜಾರೆ.

ಅದೇ ವರ್ಷದ ಜೂನ್‌ನಲ್ಲಿ ಲೀಡ್ಸ್‌ನಲ್ಲಿ ಹಜಾರೆಯವರೊಂದಿಗೆ ಟಾಸ್‌ಗೆ ಬಂದವರು ಲೆನ್ ಹಟನ್. ಇಪ್ಪತ್ತನೇ ಶತಮಾನದಲ್ಲಿ ಇಂಗ್ಲೆಂಡ್ ನಾಯಕತ್ವ ಪಡೆದ ಮೊದಲ ವೃತ್ತಿಪರ ಆಟಗಾರ. ಅಲ್ಲೂ ಒಂದು ಬಾಗಿಲು ತೆರೆದಿತ್ತು.

ಹೆಣ್ಣುಮಕ್ಕಳಿಗೆ ತೆರೆಯಬೇಕಾದ ಬಾಗಿಲು ಇನ್ನೂ ಒಂದಿತ್ತು. ಅಣ್ಣ ಆಡುವುದನ್ನು ನೋಡುತ್ತ ಸಾಂಗಲಿಯಲ್ಲಿ ಬೆಳೆದ ಸ್ಮೃತಿ ಮಂಧಾನ, 2025ರ ನವೆಂಬರ್‌ನಲ್ಲಿ ಮಹಿಳಾ ವಿಶ್ವಕಪ್ ಗೆದ್ದ ಭಾರತ ತಂಡದ ಉಪನಾಯಕಿ.

ಊರ ಬಯಲಲ್ಲಿ ತಂಡ ಹಂಚುವಾಗ ಒಮ್ಮೊಮ್ಮೆ ಒಬ್ಬ ಹುಡುಗ ಹೆಚ್ಚಾಗುತ್ತಾನೆ. ಅವನನ್ನು ಯಾರೂ ಮನೆಗೆ ಕಳಿಸುವುದಿಲ್ಲ. ಅವನು ಎರಡೂ ಕಡೆ ಬ್ಯಾಟು ಹಿಡಿಯುತ್ತಾನೆ.