ಟ್ರೇಲರ್ ನೋಡೋಕೆ ಮೊದಲು ಕಾರಿನ ಬಾಗಿಲು ತೆಗೀರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ವಿಷಯ ಅಮೆರಿಕದ್ದು. ಕ್ಯಾಂಪಿಂಗ್‌ಗೆ ಅಂತ ಕಾರಿನ ಹಿಂದೆ ಕಟ್ಟಿಕೊಂಡು ಹೋಗ್ತಾರಲ್ಲ, ಚಿಕ್ಕ ಟ್ರಾವೆಲ್ ಟ್ರೇಲರ್, ಚಕ್ರದ ಮೇಲಿನ ಪುಟ್ಟ ಮನೆ, ಅದನ್ನ ಆರಿಸೋದು ಹೇಗೆ ಅಂತ. ಬೆಂಗಳೂರಲ್ಲಿ ಕೂತು ಇದ್ಯಾಕಪ್ಪಾ ಅಂತ ಕೇಳಬಹುದು. ಈ ಪಾಡ್‌ಕಾಸ್ಟ್ ಕೇಳೋರಲ್ಲಿ ತುಂಬಾ ಜನ ಅಲ್ಲೇ ಇದ್ದೀರಿ, ಇಲ್ಲಾ ನಿಮ್ಮ ಅಕ್ಕನೋ ಅಣ್ಣನೋ ಅಲ್ಲಿದ್ದಾರೆ. ನಮ್ಮ ದೊಡ್ಡಪ್ಪನ ಮಗಳು, ಅಂದ್ರೆ ನಮ್ಮಕ್ಕ, ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಈ ಬೇಸಿಗೆಗೆ ಅವಳ ಅತ್ತೆ-ಮಾವ ದಾವಣಗೆರೆಯಿಂದ ಹೋಗ್ತಿದ್ದಾರೆ. ಯೊಸೆಮಿಟಿ ತೋರಿಸಬೇಕು. ಅತ್ತೆಗೆ ಮಂಡಿನೋವು, ಟೆಂಟಲ್ಲಿ ನೆಲದ ಮೇಲೆ ಮಲಗೋದು ಕಷ್ಟ. ಅದಕ್ಕೇ ಟ್ರೇಲರ್ ಯೋಚನೆ. "ನೀನು ಬಿಕಾಂ ಮಾಡಿದೀಯಲ್ಲ, ಲೆಕ್ಕ ಹಾಕಿ ಹೇಳು" ಅಂದಳು. ಹಾಕಿದೆ. ಆ ಲೆಕ್ಕ ನಿಮಗೂ ಉಪಯೋಗ ಆಗುತ್ತೆ ಅನ್ನಿಸ್ತು.

ಇಡೀ ಸಂಚಿಕೆಯ ಸಾರ ಮೊದಲೇ ಹೇಳಿಬಿಡ್ತೀನಿ. ಟ್ರೇಲರ್ ಆರಿಸೋದು ಶೋರೂಮಲ್ಲಿ ಅಲ್ಲ, ನಿಮ್ಮ ಕಾರಿನ ಬಾಗಿಲಲ್ಲಿ.

ಸಿಟಿಸಿ ಬೇರೆ, ಕೈಗೆ ಬರೋದು ಬೇರೆ

ಕೆಲಸಕ್ಕೆ ಸೇರುವಾಗ ಆಫರ್ ಲೆಟರ್‌ನಲ್ಲಿ ಸಿಟಿಸಿ ದೊಡ್ಡದಾಗಿರುತ್ತೆ, ತಿಂಗಳ ಕೊನೆಗೆ ಕೈಗೆ ಬರೋದು ಕಡಿಮೆ. ಟ್ರೇಲರ್ ಜಾಹೀರಾತಲ್ಲಿ ಇದು ತಿರುಗುಮುರುಗು. ಅಲ್ಲಿ ಬರೆದಿರೋದು 'ಡ್ರೈ ವೇಟ್', ಅಂದ್ರೆ ಫ್ಯಾಕ್ಟರಿಯಿಂದ ಬರುವಾಗಿನ ಖಾಲಿ ತೂಕ. ಅದರಲ್ಲಿ ನಿಮ್ಮ ನೀರಿಲ್ಲ, ಹಾಸಿಗೆ ಇಲ್ಲ, ಕುಕ್ಕರ್ ಇಲ್ಲ, ಅಕ್ಕಿ ಇಲ್ಲ. ರಸ್ತೆಗಿಳಿಯುವಾಗ ಇರೋದು ಬೇರೆ ತೂಕ, ಅದು ಯಾವಾಗಲೂ ಜಾಸ್ತಿ.

ಇನ್ನೊಂದು ಸಂಖ್ಯೆ ಜಿವಿಡಬ್ಲ್ಯುಆರ್. ಎಲ್ಲಾ ತುಂಬಿದ ಮೇಲೂ ಟ್ರೇಲರ್ ಇದಕ್ಕಿಂತ ಭಾರ ಆಗಕೂಡದು ಅನ್ನೋ ಗರಿಷ್ಠ ಮಿತಿ. ಇದರಿಂದ ಖಾಲಿ ತೂಕ ಕಳೆದರೆ ಉಳಿಯೋದೇ ನೀವು ತುಂಬಬಹುದಾದ ಸಾಮಾನಿನ ತೂಕ. ಕೆಲವು ಚಂದದ ಟ್ರೇಲರ್‌ಗಳಲ್ಲಿ ಈ ಉಳಿಕೆ ಎಷ್ಟು ಕಮ್ಮಿ ಅಂದ್ರೆ, ನೀರಿನ ಟ್ಯಾಂಕ್ ತುಂಬಿಸಿದ್ರೆ ಅರ್ಧ ಮುಗಿದುಹೋಗುತ್ತೆ. ಅಮೆರಿಕದ ಒಂದು ಗ್ಯಾಲನ್ ನೀರು 3.8 ಲೀಟರ್, ತೂಕ 8.34 ಪೌಂಡ್. 20 ಗ್ಯಾಲನ್ ಟ್ಯಾಂಕ್ ತುಂಬಿದ್ರೆ 167 ಪೌಂಡ್, ಅಂದ್ರೆ ಸುಮಾರು 76 ಕೆಜಿ. ಒಬ್ಬ ದೊಡ್ಡ ಮನುಷ್ಯನನ್ನ ಒಳಗೆ ಕೂರಿಸಿದ ಹಾಗೆ.

ಎತ್ತಿನ ಗಾಡಿಯ ಮೂಕಿ

ಈಗ ಮುಖ್ಯ ವಿಷಯ. ಟ್ರೇಲರ್ ತನ್ನ ಪೂರ್ತಿ ಭಾರವನ್ನ ತನ್ನ ಚಕ್ರದ ಮೇಲೇ ಹೊರೋದಿಲ್ಲ. ಮುಂಭಾಗದ ಕೊಂಡಿಯಿಂದ ಸ್ವಲ್ಪ ಭಾರ ಕಾರಿನ ಹಿಂಬದಿ ಮೇಲೆ ಒತ್ತುತ್ತೆ. ಅದಕ್ಕೆ ಅಲ್ಲಿ 'ಟಂಗ್ ವೇಟ್' ಅಂತಾರೆ. ಎತ್ತಿನ ಗಾಡಿ ನೆನಪಿಸಿಕೊಳ್ಳಿ. ಮೂಟೆ ಎಲ್ಲಾ ಹಿಂದಕ್ಕೆ ಹೇರಿದ್ರೆ ಮೂಕಿ ಮೇಲಕ್ಕೇಳುತ್ತೆ, ನೊಗ ಎತ್ತಿನ ಕತ್ತು ಬಿಗಿಯುತ್ತೆ. ಎಲ್ಲಾ ಮುಂದಕ್ಕೆ ಹೇರಿದ್ರೆ ನೊಗ ಹೆಗಲು ಜಜ್ಜುತ್ತೆ. ಗಾಡಿ ಹೇರೋದು ಗೊತ್ತಿರೋ ಯಾವ ರೈತನಿಗೂ ಈ ಪಾಠ ಬೇಕಾಗಿಲ್ಲ.

ಟ್ರೇಲರ್‌ಗೆ ಇರೋ ಸಾಮಾನ್ಯ ಲೆಕ್ಕ: ತುಂಬಿದ ತೂಕದ ಶೇ 10ರಿಂದ 15ರಷ್ಟು ಕೊಂಡಿ ಮೇಲೆ ಬೀಳಬೇಕು. ಅದಕ್ಕಿಂತ ಕಮ್ಮಿ ಆದ್ರೆ ವೇಗದಲ್ಲಿ ಟ್ರೇಲರ್ ಹಾವಿನ ಬಾಲದ ಥರ ಅತ್ತಿಂದಿತ್ತ ಆಡೋಕೆ ಶುರುಮಾಡುತ್ತೆ. ಇಳಿಜಾರಿನಲ್ಲಿ ಹೀಗಾದರೆ ಕಾರನ್ನೂ ಸೇರಿಸಿ ಎಳೆದು ಮಗುಚಬಲ್ಲದು. ಜಾಸ್ತಿ ಆದ್ರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರದ ಹಿಡಿತ ಸಡಿಲ ಆಗುತ್ತೆ. ಸ್ಟೀರಿಂಗ್, ಬ್ರೇಕ್ ಎರಡಕ್ಕೂ ಪೆಟ್ಟು. ಆರು ಜನ ಕೂತ ಕಾರಿನಲ್ಲಿ ಇದನ್ನ ಹಗುರವಾಗಿ ತಗೊಳ್ಳೋ ಹಾಗಿಲ್ಲ.

ಬಾಗಿಲಿನ ಸ್ಟಿಕ್ಕರ್

ಕಾರು ಎಷ್ಟು ಎಳೀಬಹುದು ಅನ್ನೋದು ಎಲ್ಲರಿಗೂ ಬಾಯಿಪಾಠ. ಅಮೆರಿಕದ ನಮ್ಮ ಜನರ ಮನೆ ಮುಂದೆ ತುಂಬಾ ಕಾಣೋ ಟೊಯೋಟಾ ಸಿಯೆನ್ನಾ, ಹೊಂಡಾ ಒಡಿಸ್ಸಿ ಥರದ ಮಿನಿವ್ಯಾನ್‌ಗಳಿಗೆ 3,500 ಪೌಂಡ್, ಅಂದ್ರೆ ಸುಮಾರು 1,590 ಕೆಜಿ. ಆದರೆ ಇದು ಒಂದು ಮಿತಿ ಅಷ್ಟೇ. ಚಾಲಕನ ಬಾಗಿಲು ತೆಗೆದರೆ ಒಳಗಿನ ಕಂಬದ ಮೇಲೆ ಟೈರಿನ ಗಾಳಿ ಒತ್ತಡ ಬರೆದಿರೋ ಸ್ಟಿಕ್ಕರ್ ಇರುತ್ತೆ. ಅದರಲ್ಲೇ ಒಂದು ಸಾಲು: ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ. ಟ್ರೇಲರ್ ಕೊಂಡಿಯಿಂದ ಕಾರಿನ ಮೇಲೆ ಬೀಳೋ ಭಾರವೂ ಇದೇ ಲೆಕ್ಕಕ್ಕೆ ಸೇರುತ್ತೆ. ಇದನ್ನೇ ಬಹಳ ಜನ ಮರೆಯೋದು.

ಅಕ್ಕ ತನ್ನ ಮಿನಿವ್ಯಾನ್ ಸ್ಟಿಕ್ಕರ್‌ನ ಫೋಟೋ ಕಳಿಸಿದಳು: 1,250 ಪೌಂಡ್. ಮಾರಾಟಗಾರ ತೋರಿಸಿದ್ದ ಟ್ರೇಲರಿನ ಖಾಲಿ ತೂಕ 2,700. "ನಿಮ್ಮ ಗಾಡಿ 3,500 ಎಳೆಯುತ್ತೆ, ಆರಾಮಾಗಿ ಹೋಗುತ್ತೆ" ಅಂದಿದ್ದನಂತೆ. ಈಗ ಜಮಾ-ಖರ್ಚು ನೋಡೋಣ.

ಕಾರಿನಲ್ಲಿ ಅಕ್ಕ, ಭಾವ, ಇಬ್ಬರು ಮಕ್ಕಳು, ಅತ್ತೆ, ಮಾವ ಸೇರಿ 730 ಪೌಂಡ್. ಕಾರಿನ ಒಳಗಿನ ಬ್ಯಾಗು, ತಿಂಡಿ 150. ಟ್ರೇಲರ್ ಸಿಕ್ಕಿಸೋ ಕಬ್ಬಿಣದ ಜೋಡಣೆ 50. ಒಟ್ಟು 930. ಉಳಿದದ್ದು 320.

ಟ್ರೇಲರ್ ಕಡೆ: ಖಾಲಿ 2,700, ನೀರು 167, ಗ್ಯಾಸ್ ಸಿಲಿಂಡರ್ 37, ಬ್ಯಾಟರಿ 60, ಹಾಸಿಗೆ, ಪಾತ್ರೆ, ಕುರ್ಚಿ, ದಿನಸಿ 300. ಒಟ್ಟು 3,264. ಇದರ ಶೇ 13 ಅಂದ್ರೆ 424 ಪೌಂಡ್ ಕೊಂಡಿ ಮೇಲೆ. 930ಕ್ಕೆ 424 ಸೇರಿಸಿದರೆ 1,354. ಮಿತಿಗಿಂತ 104 ಪೌಂಡ್ ಹೆಚ್ಚು. 3,500 ಒಳಗೇ ಇದೆ, ಆದರೂ ಕಾರು ಓವರ್‌ಲೋಡ್.

"ನೀರನ್ನ ಅಲ್ಲೇ ಹೋಗಿ ತುಂಬಿಸ್ಕೊಂಡ್ರೆ?" ಭಾವ ಕೇಳಿದರು. ಒಳ್ಳೇ ಪ್ರಶ್ನೆ, ಹಾಗೇ ಮಾಡಬೇಕು ಕೂಡ. ಆದರೂ 1,333 ಆಗುತ್ತೆ. "ಅತ್ತೆ-ಮಾವ ಬೇರೆ ಕಾರಲ್ಲಿ ಬಂದ್ರೆ?" ಆಗ 300 ಪೌಂಡ್ ಇಳಿಯುತ್ತೆ, ಸ್ಟಿಕ್ಕರ್ ಮಿತಿಯೊಳಗೆ ಬರ್ತೀವಿ. ಆದರೆ ಮೂರನೇ ಮಿತಿ ಒಂದಿದೆ. ಕಾರಿನ ಕೊಂಡಿ ಎಷ್ಟು ಒತ್ತಡ ತಡೀಬಹುದು ಅಂತ ಮ್ಯಾನ್ಯುಯಲ್‌ನಲ್ಲೇ ಬರೆದಿರುತ್ತಾರೆ. 3,500 ಪೌಂಡ್ ಎಳೆಯೋ ಮಿನಿವ್ಯಾನ್‌ಗೆ ಅದು ಸಾಮಾನ್ಯವಾಗಿ 350. ನಮ್ಮ 424 ಅಲ್ಲೂ ಫೇಲ್.

ಹಾಗಾಗಿ ಸೂತ್ರ ಹೀಗೆ. ಎಳೆಯೋ ಮಿತಿ, ಸ್ಟಿಕ್ಕರ್ ಮಿತಿ, ಕೊಂಡಿ ಮಿತಿ, ಈ ಮೂರೂ ಹಾಕಿ ನೋಡಿ. ಯಾವುದು ಚಿಕ್ಕ ಉತ್ತರ ಕೊಡುತ್ತೋ ಅದೇ ನಿಮ್ಮ ಮಿತಿ. ಆರೂ ಜನ ಒಂದೇ ಕಾರಲ್ಲಿ ಹೋದರೆ ಅಕ್ಕನಿಗೆ ಉಳಿದಿದ್ದ 320 ಪೌಂಡನ್ನ 0.13ರಿಂದ ಭಾಗಿಸಿದರೆ ಸುಮಾರು 2,460. ಸಾಮಾನು ಸಮೇತ 2,460 ಪೌಂಡ್ ಮೀರದ ಟ್ರೇಲರ್ ಮಾತ್ರ ಅವಳದ್ದು. 3,500ರ ಮಾತೇ ಇಲ್ಲ.

ಆ ತೂಕದಲ್ಲಿ ಏನೇನು ಸಿಗುತ್ತೆ?

ಮೂರು ಜಾತಿ ಇದೆ ಅಂತ ಇಟ್ಕೊಳ್ಳಿ.

ಒಂದು, ಟಿಯರ್‌ಡ್ರಾಪ್. ನೀರಹನಿ ಆಕಾರದ್ದು. 1930ರ ದಶಕದಿಂದಲೂ ಇದೆ. ಎರಡನೇ ಮಹಾಯುದ್ಧದ ನಂತರ ಜನ ಪತ್ರಿಕೆಯಲ್ಲಿ ಬಂದ ನಕ್ಷೆ ನೋಡಿ ಮನೇಲೇ ಕಟ್ಟಿಕೊಳ್ತಿದ್ದರು. ಒಳಗೆ ಒಂದು ಹಾಸಿಗೆ, ಅಷ್ಟೇ. ನಿಂತುಕೊಳ್ಳೋಕೆ ಆಗಲ್ಲ. ಅಡುಗೆಮನೆ ಹಿಂಬಾಗಿಲು ಎತ್ತಿದರೆ ಹೊರಗಡೆ. ನಮ್ಮವರಿಗೆ ಇದು ವರ ಅಂತಲೇ ಹೇಳಬೇಕು. ಮುಚ್ಚಿದ ಟ್ರೇಲರ್ ಒಳಗೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ್ರೆ ಮೊದಲು ಕೆಮ್ಮು, ಆಮೇಲೆ ಹೊಗೆ ಅಲಾರಂ, ಆಮೇಲೆ ವಾರಗಟ್ಟಲೆ ಹಾಸಿಗೆಯಲ್ಲಿ ಇಂಗಿನ ವಾಸನೆ. ಆದರೆ ಹೆಚ್ಚಿನ ಟಿಯರ್‌ಡ್ರಾಪ್‌ಗಳಲ್ಲಿ ಟಾಯ್ಲೆಟ್ ಇರಲ್ಲ.

ಎರಡು, ಫೈಬರ್‌ಗ್ಲಾಸ್ ಮೊಟ್ಟೆ. ದೋಣಿ ಥರ ಅಚ್ಚಲ್ಲಿ ಎರಡು ಚಿಪ್ಪು ಮಾಡಿ ಜೋಡಿಸಿರ್ತಾರೆ. ಕೆನಡಾದ ವಿನ್ನಿಪೆಗ್‌ನಲ್ಲಿ 1968ರಲ್ಲಿ ಶುರುವಾದ ಬೋಲರ್ ಇದರ ಮೂಲ. ಈಗ ಮಿನ್ನೆಸೋಟಾದ ಸ್ಕ್ಯಾಂಪ್ 13 ಅಡಿಯದ್ದು ಪ್ರಸಿದ್ಧ. ಕೀಲುಗಳು ಕಮ್ಮಿ, ಹಾಗಾಗಿ ಮಳೆ ನೀರು ಸೋರೋದೂ ಕಮ್ಮಿ. ಒಳಗೆ ನಿಲ್ಲಬಹುದು, ಕೆಲವು ಮಾದರಿಗಳಲ್ಲಿ ಚಿಕ್ಕ ಟಾಯ್ಲೆಟ್ ಕೂಡ ಇದೆ. ಸೆಕೆಂಡ್ ಹ್ಯಾಂಡ್ ಬೆಲೆಯೂ ಬೇಗ ಬೀಳಲ್ಲ.

ಮೂರು, ಪಾಪ್-ಅಪ್. ಮಡಚಿ ಎಳೆದುಕೊಂಡು ಹೋಗಿ ಅಲ್ಲಿ ಬಿಚ್ಚೋದು. ಕಡಿಮೆ ತೂಕಕ್ಕೆ ಹೆಚ್ಚು ಜನ ಮಲಗಬಹುದು. ಆದರೆ ಗೋಡೆ ಬಟ್ಟೆಯದ್ದಾದರೆ ಕರಡಿ ಇರೋ ಕಡೆ ಅದು ಟೆಂಟಿನ ಲೆಕ್ಕ. ಯೊಸೆಮಿಟಿಯಲ್ಲಿ ಊಟದ ಸಾಮಾನನ್ನೆಲ್ಲಾ ಕ್ಯಾಂಪ್‌ಸೈಟಿನ ಕಬ್ಬಿಣದ ಪೆಟ್ಟಿಗೇಲಿ ಇಡಬೇಕು.

ಆರು ಜನ ಮಲಗೋ ಟ್ರೇಲರ್ ಹುಡುಕಬೇಡ ಅಂತ ಅಕ್ಕನಿಗೆ ಹೇಳಿದ್ದು ಅದಕ್ಕೇ. ಬೇಕಿರೋದು ಅತ್ತೆ-ಮಾವನಿಗೆ ನೆಲದಿಂದ ಎತ್ತರದ ಹಾಸಿಗೆ, ರಾತ್ರಿ ಎದ್ದರೆ ಹತ್ತಿರದಲ್ಲೇ ಟಾಯ್ಲೆಟ್. ಮಕ್ಕಳು ಟೆಂಟ್ ಅಂದ್ರೆ ಕುಣೀತಾರೆ. ಅಂದ ಮೇಲೆ 13 ಅಡಿ ಫೈಬರ್‌ಗ್ಲಾಸು ಮತ್ತೊಂದು ಟೆಂಟು ಸಾಕು.

ಜಾಗವನ್ನೂ ನೋಡ್ಕೊಳ್ಳಿ. ಯೊಸೆಮಿಟಿ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಟ್ರೇಲರ್‌ಗೆ ಕರೆಂಟ್, ನೀರು, ಒಳಚರಂಡಿಯ ನೇರ ಸಂಪರ್ಕ ಇಲ್ಲ. ಏಸಿ, ಮೈಕ್ರೋವೇವ್ ಅಂತ ದುಡ್ಡು ಕೊಟ್ಟರೆ ಅಲ್ಲಿ ಅವು ಬರೀ ಭಾರ. ಮೊಂಟಾನಾದ ಗ್ಲೇಸಿಯರ್ ಪಾರ್ಕಿನ ಪ್ರಸಿದ್ಧ ಬೆಟ್ಟದ ರಸ್ತೆಯಲ್ಲಿ 21 ಅಡಿಗಿಂತ ಉದ್ದದ ವಾಹನ ಮೇಲಕ್ಕೆ ಹೋಗೋ ಹಾಗಿಲ್ಲ, ಕಾರು-ಟ್ರೇಲರ್ ಸೇರಿಸಿಯೇ ಲೆಕ್ಕ. ಟ್ರೇಲರ್ ಆದ್ರೆ ಕ್ಯಾಂಪಲ್ಲಿ ಬಿಚ್ಚಿಟ್ಟು ಕಾರಲ್ಲಿ ಹೋಗಬಹುದು, ಅದೊಂದು ಅನುಕೂಲ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವಾಗ ವೇಗದ ಮಿತಿ ಗಂಟೆಗೆ 55 ಮೈಲಿ. ಟ್ರೇಲರ್‌ಗೇ ಸ್ವಂತ ಬ್ರೇಕ್ ಯಾವ ತೂಕದಿಂದ ಕಡ್ಡಾಯ ಅನ್ನೋದು ರಾಜ್ಯಕ್ಕೊಂದು ಥರ. ಹಲವು ಕಡೆ 3,000 ಪೌಂಡ್, ಕೆಲವು ಕಡೆ ತುಂಬಾ ಕಮ್ಮಿ. ನನ್ನ ಮಾತು ಕೇಳೋದಾದ್ರೆ ಬ್ರೇಕ್ ಇರೋದನ್ನೇ ತಗೊಳ್ಳಿ, ಕಾರಿಗೆ ಬ್ರೇಕ್ ಕಂಟ್ರೋಲರ್ ಹಾಕಿಸಿ.

ಒಂದು ರಾತ್ರಿಗೆ ಎಷ್ಟು ಬಿತ್ತು?

ಈಗ ನನ್ನ ಇಷ್ಟದ ಭಾಗ. ಬೆಲೆ 20,000 ಡಾಲರ್ ಅಂತ ಇಟ್ಕೊಳ್ಳೋಣ. ಐದು ವರ್ಷ ಬಿಟ್ಟು 11,000ಕ್ಕೆ ಮಾರಿದ್ರಿ ಅಂದ್ರೆ ಸವಕಳಿ 9,000. ಬಹಳಷ್ಟು ಬಡಾವಣೆಗಳ ಸಂಘದವರು ಮನೆ ಮುಂದೆ ಟ್ರೇಲರ್ ನಿಲ್ಲಿಸೋಕೆ ಬಿಡಲ್ಲ, ಹೊರಗೆ ಜಾಗ ಬಾಡಿಗೆಗೆ ಹಿಡೀಬೇಕು; ತಿಂಗಳಿಗೆ 100 ಅಂದ್ರೂ ಐದು ವರ್ಷಕ್ಕೆ 6,000. ವಿಮೆ, ನೋಂದಣಿ 1,500. ಟೈರು, ಬೇರಿಂಗು, ಸೋರಿಕೆ ತಡೆಯೋ ಅಂಟು, ಎಲ್ಲಾ ಸೇರಿ 2,000. ಒಟ್ಟು 18,500. ಸಾಲದ ಬಡ್ಡಿ ಬಿಟ್ಟು.

ವರ್ಷಕ್ಕೆ 12 ರಾತ್ರಿ ಬಳಸಿದರೆ ಐದು ವರ್ಷಕ್ಕೆ 60 ರಾತ್ರಿ. ಒಂದು ರಾತ್ರಿಗೆ 308 ಡಾಲರ್! ಬಾಡಿಗೆಗೆ ಅದೇ ಟ್ರೇಲರ್ ರಾತ್ರಿಗೆ 120ಕ್ಕೆ ಸಿಕ್ಕಿದ್ರೆ, ಕೊಳ್ಳೋದು ಲಾಭ ಆಗೋಕೆ ವರ್ಷಕ್ಕೆ ಸುಮಾರು 31 ರಾತ್ರಿ ಹೊರಗೆ ಮಲಗಬೇಕು. ನಿಮ್ಮೂರಿನ ದರ ಹಾಕಿ ನೀವೇ ಲೆಕ್ಕ ಮಾಡಿ. ಆಮೇಲೆ ನಿಮ್ಮ ಆಫೀಸ್ ರಜಾ ಎಷ್ಟಿದೆ ನೋಡಿ.

ಅದಕ್ಕೇ ಮೊದಲ ಬೇಸಿಗೆ ಬಾಡಿಗೆ. ಔಟ್‌ಡೋರ್ಸಿ, ಆರ್‌ವಿಶೇರ್ ಥರದ ಆ್ಯಪ್‌ಗಳಲ್ಲಿ ಜನ ತಮ್ಮ ಟ್ರೇಲರನ್ನೇ ಬಾಡಿಗೆಗೆ ಕೊಡ್ತಾರೆ. ಎರಡು ರಾತ್ರಿ ಮಲಗಿ ನೋಡಿದರೆ ಶೋರೂಮಲ್ಲಿ ಎರಡು ಗಂಟೆ ಸುತ್ತಿದ್ದಕ್ಕಿಂತ ಜಾಸ್ತಿ ತಿಳಿಯುತ್ತೆ.

ಫೋನಲ್ಲಿ ಸ್ಕ್ರೀನ್‌ಶಾಟ್ ತಗೊಳ್ಳೋ ಭಾಗ

1. ಕಾರಿನ ಬಾಗಿಲ ಸ್ಟಿಕ್ಕರ್, ಮ್ಯಾನ್ಯುಯಲ್‌ನ ಎಳೆಯೋ ಮಿತಿ, ಕೊಂಡಿ ಮಿತಿ, ಮೂರರ ಫೋಟೋ ಇಟ್ಟುಕೊಳ್ಳಿ. ಅದಾದ ಮೇಲೆ ಶೋರೂಮ್.

2. ಡ್ರೈ ವೇಟ್ ಹೇಳಿದ್ರೆ "ತುಂಬಿದ ಮೇಲೆ ಎಷ್ಟು?" ಅಂತ ಕೇಳಿ. ಉತ್ತರ ಬರದಿದ್ರೆ ಜಿವಿಡಬ್ಲ್ಯುಆರ್ ಹಿಡಿದೇ ಲೆಕ್ಕ ಹಾಕಿ.

3. ಹಳೇದು ಕೊಳ್ಳುವಾಗ ಮೂಲೆಗಳಲ್ಲಿ ನೆಲ ಒತ್ತಿ ನೋಡಿ. ಮೆತ್ತಗಿದ್ರೆ ನೀರು ಇಳಿದಿದೆ ಅಂತ ಅರ್ಥ, ಹಾಗೇ ವಾಪಸ್ ಬನ್ನಿ. ಟೈರಿನ ಮೇಲಿನ ಡಾಟ್ ಸಂಕೇತದ ಕೊನೇ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2319 ಅಂತಿದ್ರೆ 2019ರ 23ನೇ ವಾರ. ಸವೆಯದೇ ಹೊಸದರ ಥರ ಕಂಡರೂ ಅದು ಹಳೇ ಟೈರೇ.

4. ಎಲ್ಲಾ ತುಂಬಿ, ಎಲ್ಲರೂ ಕೂತು, ಹೊರಡೋ ದಿನ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್‌ನಲ್ಲಿ ಒಮ್ಮೆ ತೂಕ ಹಾಕಿಸಿ. ಲಾರಿಯವರು ಹಾಕಿಸೋ ತೂಕದ ಸೇತುವೆ ಅದು. ಅಲ್ಲಿ ಬರೋ ಚೀಟಿ ಸುಳ್ಳು ಹೇಳಲ್ಲ.

ಅಮೆರಿಕದಲ್ಲಿರೋ ನಿಮ್ಮವರಿಗೆ ಈ ಸಂಚಿಕೆ ವಾಟ್ಸ್ಆ್ಯಪ್ ಮಾಡಿ. ಅದರಲ್ಲೂ ಈ ಬೇಸಿಗೆಗೆ ಊರಿಂದ ಅಪ್ಪ-ಅಮ್ಮ ಹೋಗ್ತಿರೋ ಮನೆಗಳಿಗೆ. ನಿಮ್ಮ ಕಾರಿನ ಮೂರು ಸಂಖ್ಯೆ ಕಳಿಸಿದ್ರೆ ಮುಂದಿನ ಸಂಚಿಕೆಯಲ್ಲಿ ಕೆಲವರ ಲೆಕ್ಕ ಹಾಕಿ ಓದ್ತೀನಿ. ಅಲ್ಲೀವರೆಗೂ ಹುಷಾರಾಗಿರಿ, ನಮಸ್ಕಾರ.