ತೂಗುಸೇತುವೆಯ ಕಂಪ್ಯೂಟರ್ ಚಿತ್ರದಲ್ಲಿ ಕೆಂಪು ಕಂಡರೆ ಸೇತುವೆ ಬೀಳುತ್ತದೆಯೇ?

ಮಳೆಗಾಲದಲ್ಲಿ ಹೊಳೆ ತುಂಬಿದರೆ ವಾಟ್ಸಾಪ್ ಗುಂಪುಗಳಲ್ಲಿ ಸೇತುವೆಗಳ ಫೋಟೋಗಳೂ ತುಂಬುತ್ತವೆ. ಅವುಗಳ ಜೊತೆ ನೀಲಿ, ಹಸಿರು, ಕೆಂಪು ಬಣ್ಣದ ಕಂಪ್ಯೂಟರ್ ಚಿತ್ರವೊಂದು ಬಂದು, "ಕೆಂಪಾದ ಜಾಗ ಮುರಿಯಲಿದೆ" ಎಂದರೆ ನಂಬಬಹುದೇ?

ಸುಳ್ಯದವರಿಗೆ ಈ ಪ್ರಶ್ನೆ ಹತ್ತಿರದ್ದು. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿದ ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್, ಮುಂದೆ ಅಂಥ ನೂರಕ್ಕೂ ಹೆಚ್ಚು ಸೇತುವೆ ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು. ಶಾಲೆಗೆ, ಪೇಟೆಗೆ, ಆಸ್ಪತ್ರೆಗೆ ಹೋಗಲು ಎಷ್ಟೋ ಊರುಗಳಿಗೆ ತೂಗುಸೇತುವೆಯೇ ದಾರಿ. ಇಲ್ಲಿ ಸುಳ್ಳು ಭಯವೂ ಕೆಟ್ಟದ್ದು, ಸುಳ್ಳು ಧೈರ್ಯವೂ ಕೆಟ್ಟದ್ದು.

ಚಿತ್ರದಲ್ಲಿರುವುದು ಏನು?

ಅದು ಫೋಟೋ ಅಲ್ಲ, ಲೆಕ್ಕ. 'ಫೈನೈಟ್ ಎಲಿಮೆಂಟ್' ವಿಧಾನದಲ್ಲಿ ಉಕ್ಕಿನ ಭಾಗವನ್ನು ಸಣ್ಣ ಸಣ್ಣ ತುಂಡುಗಳ ಬಲೆಯಾಗಿ ಮಾಡಿ, ಒಂದೊಂದು ತುಂಡಿನ ಮೇಲೂ ಎಷ್ಟು ಒತ್ತಡ ಬೀಳುತ್ತದೆಂದು ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ ಆ ಚಿತ್ರದೊಳಗೆ ಅತಿ ಹೆಚ್ಚು ಒತ್ತಡವಿರುವ ಜಾಗಕ್ಕೆ ಕೆಂಪು ಬಣ್ಣ. ಆ ಒತ್ತಡ ಉಕ್ಕು ತಾಳಬಲ್ಲ ಮಿತಿಯ ಹತ್ತನೇ ಒಂದು ಪಾಲು ಇದ್ದರೂ ಬಣ್ಣ ಕೆಂಪೇ. ಹಾಗಾಗಿ ಪಕ್ಕದ ಅಂಕಿಪಟ್ಟಿ ಇಲ್ಲದ ಚಿತ್ರಕ್ಕೆ ಅರ್ಥವಿಲ್ಲ.

ಜೋಡಣೆಯ ಜಾಗದಲ್ಲಿ ಸುಳ್ಳು ಕೆಂಪು

ಕೇಬಲ್ ಹಿಡಿದಿರುವ ಬೋಲ್ಟನ್ನು ಪೂರ್ತಿಯಾಗಿ ಬಿಡಿಸಿ ತೋರಿಸುವ ಬದಲು, ಎಷ್ಟೋ ಸಲ 'ರಿಜಿಡ್ ಎಲಿಮೆಂಟ್' ಬಳಸುತ್ತಾರೆ. ಇದು ಎಂದೂ ಬಾಗದ ಕಾಲ್ಪನಿಕ ಸಲಾಕೆ. ಇದನ್ನು ಬಲೆಯ ಬಿಂದುಗಳಿಗೆ, ಅಂದರೆ ನೋಡ್‌ಗಳಿಗೆ ಕಟ್ಟುತ್ತಾರೆ.

ಸರಳ ಬಲೆಯಲ್ಲಿ ತುಂಡಿನ ಮೂಲೆಗಳಲ್ಲಿ ಮಾತ್ರ ನೋಡ್ ಇರುತ್ತದೆ. ಹೆಚ್ಚು ನಿಖರವಾದ ಬಲೆಯಲ್ಲಿ ಪ್ರತಿ ಅಂಚಿನ ನಡುವೆಯೂ ಒಂದು ನೋಡ್ ಇರುವುದರಿಂದ ಅಂಚು ಬಾಗಬಲ್ಲದು. ಸಲಾಕೆಯನ್ನು ಮೂಲೆಗಳಿಗಷ್ಟೇ ಕಟ್ಟಿ ನಡುವಿನದನ್ನು ಬಿಟ್ಟರೆ? ಅಡಿಕೆ ದಬ್ಬೆಯ ಎರಡು ತುದಿಗೆ ಮಾತ್ರ ಮೊಳೆ ಹೊಡೆದಂತೆ, ನಡು ತನ್ನಷ್ಟಕ್ಕೆ ಉಬ್ಬುತ್ತದೆ. ಲೆಕ್ಕದಲ್ಲಿ ಅಲ್ಲಿ ಇಲ್ಲದ ಒತ್ತಡ ಕಾಣುತ್ತದೆ.

ಭಾರ ಹಂಚುವಾಗಲೂ ಇದೇ ತೊಡಕು. ಮೂರು ನೋಡ್ ಇರುವ ನೇರ ಅಂಚಿನ ಮೇಲೆ 600 ಕಿಲೋ ಸಮನಾಗಿ ಬಿದ್ದರೆ 200-200-200 ಎಂದು ಹಂಚುವುದು ಸರಿ ಎನಿಸುತ್ತದೆ. ಗಣಿತದ ಪ್ರಕಾರ ಸರಿಯಾದ ಪಾಲು 100-400-100. ನಡುವಿನ ನೋಡ್ ಮರೆತರೆ ದೊಡ್ಡ ಪಾಲನ್ನೇ ಮರೆತಂತೆ.

ಎಲ್ಲ ನೋಡ್‌ಗಳನ್ನು ಕಟ್ಟಿದರೂ ಕೆಲಸ ಮುಗಿಯದು. ನಿಜವಾದ ತೂತು ಭಾರಕ್ಕೆ ಚೂರು ಹಿಗ್ಗುತ್ತದೆ, ಕಾಲ್ಪನಿಕ ಸಲಾಕೆ ಅದಕ್ಕೆ ಬಿಡುವುದಿಲ್ಲ. ಹೀಗಾಗಿ ಎಂಜಿನಿಯರ್‌ಗಳು ಬಿಗಿಯಾಗಿ ಹಿಡಿಯದೆ ಭಾರ ಹಂಚುವ ಬೇರೆ ಬಗೆಯ ಜೋಡಣೆ ಬಳಸುತ್ತಾರೆ, ಇಲ್ಲವೇ ಜೋಡಣೆಯಿಂದ ಸ್ವಲ್ಪ ದೂರದ ಅಂಕಿ ನೋಡುತ್ತಾರೆ. ಬಲೆ ಸಣ್ಣದು ಮಾಡಿದಷ್ಟೂ ಅಂಕಿ ಏರುತ್ತಲೇ ಹೋದರೆ, ಆ ಕೆಂಪನ್ನು ಹಾಗೇ ನಂಬುವುದಿಲ್ಲ.

ಹಾಗಾದರೆ ನೀಲಿ ಕಂಡರೆ ನಿಶ್ಚಿಂತೆಯೇ?

ಅದೂ ಅಲ್ಲ. 1991ರ ಆಗಸ್ಟ್‌ನಲ್ಲಿ ನಾರ್ವೆಯ 'ಸ್ಲೈಪ್ನರ್ ಎ' ತೈಲ ವೇದಿಕೆಯ ಕಾಂಕ್ರೀಟ್ ತಳ ಪರೀಕ್ಷೆಯ ವೇಳೆ ಮುಳುಗಿತು. ಇದೇ ವಿಧಾನದ ಲೆಕ್ಕದಲ್ಲಿ ಬಲೆ ಸರಿಯಿಲ್ಲದೆ, ಗೋಡೆಯ ಮೇಲಿನ ಒಂದು ಬಲವನ್ನು ಸುಮಾರು 47% ಕಡಿಮೆ ಎಣಿಸಲಾಗಿತ್ತು.

ಲೆಕ್ಕಕ್ಕೆ ತುಕ್ಕು ಕಾಣುವುದಿಲ್ಲ ಎಂಬುದೂ ನೆನಪಿರಲಿ. 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿ ತೂಗುಸೇತುವೆ ಕುಸಿದು 135 ಮಂದಿ ಸತ್ತರು. ಒಂದು ಮುಖ್ಯ ಕೇಬಲಿನ 49 ತಂತಿಗಳಲ್ಲಿ 22 ತುಕ್ಕು ಹಿಡಿದಿದ್ದವು ಎಂದು ವಿಶೇಷ ತನಿಖಾ ತಂಡ ಹೇಳಿತು.

ಫಾರ್ವರ್ಡ್ ಮಾಡುವ ಮುನ್ನ

- ಯಾವ ಸೇತುವೆ, ಲೆಕ್ಕ ಮಾಡಿದವರು ಯಾರು ಎಂದು ಇದೆಯೇ?
- ಬಣ್ಣದ ಪಕ್ಕ ಅಂಕಿಪಟ್ಟಿ ಇದೆಯೇ?
- ಕೆಂಪು ಇರುವುದು ಜೋಡಣೆಯ ಜಾಗದಲ್ಲಿ ಮಾತ್ರವೇ?

ನಮ್ಮ ತೀರ್ಮಾನ: ಕೆಂಪು ಬಣ್ಣವೊಂದೇ ಅಪಾಯದ ಸಾಕ್ಷಿಯಲ್ಲ. ಆದರೆ ನಿಮ್ಮೂರಿನ ಸೇತುವೆಯಲ್ಲಿ ತುಕ್ಕು, ಕಡಿದ ತಂತಿ, ಸಡಿಲ ಬೋಲ್ಟ್ ಕಣ್ಣಾರೆ ಕಂಡರೆ ಫೋಟೋ ತೆಗೆದು ಮೊದಲು ಪಂಚಾಯತ್‌ಗೆ ಕೊಡಿ. ಗುಂಪಿಗೆ ಆಮೇಲೆ ಹಾಕಬಹುದು.