ರಿಸೈಕಲ್ ಬಿನ್ ಖಾಲಿ ಮಾಡಿದರೆ ಫೈಲ್ ಶಾಶ್ವತವಾಗಿ ಅಳಿಸಿಹೋಗುತ್ತದೆಯೇ?

“ಕಂಪ್ಯೂಟರ್ ಮಾರುವ ಮುನ್ನ ಎಲ್ಲ ಡಿಲೀಟ್ ಮಾಡಿ, ರಿಸೈಕಲ್ ಬಿನ್ ಖಾಲಿ ಮಾಡಿ, ಸಾಕು” ಎಂಬ ಸಲಹೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ. “35 ಸಲ ಅಳಿಸದಿದ್ದರೆ ಡೇಟಾ ಹೋಗುವುದೇ ಇಲ್ಲ” ಎನ್ನುವವರೂ ಇದ್ದಾರೆ. ಭದ್ರಾವತಿಯ ಓಲ್ಡ್ ಟೌನ್‌ನ ಒಂದು ಮನೆಯವರು ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಲು ಹೊರಟಿದ್ದಾರೆ ಎಂದುಕೊಳ್ಳಿ. ಅದರಲ್ಲಿ ಆಧಾರ್, ಪ್ಯಾನ್, ಪಾಸ್‌ಬುಕ್ ಸ್ಕ್ಯಾನ್‌ಗಳಿವೆ. ಅವರು ಯಾವ ಸಲಹೆ ನಂಬಬೇಕು? ಎರಡನ್ನೂ ನಂಬಬೇಕಿಲ್ಲ.

ಡಿಲೀಟ್ ಮಾಡಿದಾಗ ಏನಾಗುತ್ತದೆ?

ಮನೆಯ ಮುಂದಿನ ಹೆಸರಿನ ಫಲಕ ಕಿತ್ತ ಮಾತ್ರಕ್ಕೆ ಒಳಗಿನ ಸಾಮಾನು ಭದ್ರಾ ನದಿ ದಾಟಿ ನ್ಯೂ ಟೌನ್‌ಗೆ ಹೋಗುವುದಿಲ್ಲ. ಹಾರ್ಡ್ ಡಿಸ್ಕ್‌ನಲ್ಲೂ ಹಾಗೆಯೇ. ಬಿನ್ ಖಾಲಿ ಮಾಡಿದಾಗ ಕಂಪ್ಯೂಟರ್ “ಈ ಜಾಗ ಖಾಲಿ” ಎಂದು ಗುರುತು ಹಾಕಿಕೊಳ್ಳುತ್ತದೆ, ಅಷ್ಟೇ. ಆ ಜಾಗದಲ್ಲಿ ಹೊಸದನ್ನು ಬರೆಯುವವರೆಗೆ ಹಳೆಯ ಫೈಲ್ ಅಲ್ಲೇ ಇರುತ್ತದೆ. ರಿಕವರಿ ಸಾಫ್ಟ್‌ವೇರ್ ಅದನ್ನು ಹೊರತೆಗೆಯಬಲ್ಲದು. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಇದೇ ಕಥೆ.

ಅಮೆರಿಕದ ಎಂಐಟಿಯ ಇಬ್ಬರು ಸಂಶೋಧಕರು 158 ಹಳೆಯ ಡಿಸ್ಕ್‌ಗಳನ್ನು ಕೊಂಡು ಪರೀಕ್ಷಿಸಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129 ಡಿಸ್ಕ್‌ಗಳಲ್ಲಿ ಸರಿಯಾಗಿ ಅಳಿಸಿದ್ದು 12 ಮಾತ್ರ.

35 ಸಲ ಬೇಕೇ?

ಬೇಡ. ಈ ಸಂಖ್ಯೆ ಪೀಟರ್ ಗುಟ್‌ಮನ್ ಅವರ 1996ರ ಪ್ರಬಂಧದ್ದು. ಅಂದಿನ ಹಳೆಯ ಬಗೆಬಗೆಯ ಡಿಸ್ಕ್‌ಗಳನ್ನೆಲ್ಲ ಲೆಕ್ಕಕ್ಕೆ ಹಿಡಿದು ಅವರು ಹಾಗೆ ಹೇಳಿದ್ದರು. ಇಂದಿನ ಹಾರ್ಡ್ ಡಿಸ್ಕ್‌ಗೆ, ಇಡೀ ಡಿಸ್ಕ್ ಮೇಲೆ ಒಮ್ಮೆ ಸೊನ್ನೆಗಳನ್ನು ಬರೆದರೆ ಸಾಕು.

ಹಾಗಾದರೆ ಏನು ಮಾಡಬೇಕು?

1. ಮೊದಲು ಬೇಕಾದ ಫೋಟೊ, ದಾಖಲೆಗಳನ್ನು ಬೇರೆಡೆ ಕಾಪಿ ಮಾಡಿಕೊಳ್ಳಿ. ಮುಂದಿನ ಹಂತ ಮುಗಿದ ಮೇಲೆ ಅವು ವಾಪಸ್ ಬರುವುದಿಲ್ಲ.

2. ವಿಂಡೋಸ್ 10 ಅಥವಾ 11 ಇದ್ದರೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ‘ರೀಸೆಟ್ ದಿಸ್ ಪಿಸಿ’ ತೆರೆದು ‘ರಿಮೂವ್ ಎವ್ರಿಥಿಂಗ್’ ಆರಿಸಿ. ‘ಚೇಂಜ್ ಸೆಟ್ಟಿಂಗ್ಸ್’ ಒತ್ತಿ ‘ಕ್ಲೀನ್ ಡೇಟಾ’ ಆನ್ ಮಾಡಿ. ಡಿ ಡ್ರೈವ್ ಇದ್ದರೆ ಎಲ್ಲ ಡ್ರೈವ್‌ಗಳನ್ನೂ ಅಳಿಸುವ ಆಯ್ಕೆ ಮರೆಯಬೇಡಿ. ಇದಕ್ಕೆ ಹಲವು ಗಂಟೆ ಹಿಡಿಯಬಹುದು.

3. ಎಸ್‌ಎಸ್‌ಡಿಯ ವಿಷಯ ಬೇರೆ. ಅದು ಡೇಟಾವನ್ನು ಒಳಗೊಳಗೇ ಜಾಗ ಬದಲಿಸಿ ಬರೆಯುವುದರಿಂದ ಮೇಲೆ ಬರೆದರೂ ಹಳೆಯ ಚೂರುಗಳು ಉಳಿಯಬಹುದು. ತಯಾರಕರೇ ಕೊಡುವ ಸಾಫ್ಟ್‌ವೇರ್‌ನ ‘ಸೆಕ್ಯೂರ್ ಇರೇಸ್’ ಬಳಸಿ.

4. ಕಂಪ್ಯೂಟರ್ ಆನ್ ಆಗದಿದ್ದರೂ ಡಿಸ್ಕ್ ಓದಲು ಬರಬಹುದು. ಅದನ್ನು ಬಿಚ್ಚಿ ತೆಗೆದಿಟ್ಟುಕೊಂಡು ಉಳಿದದ್ದನ್ನು ಮಾತ್ರ ಕೊಡಿ.

ಮೊಬೈಲ್ ಮಾರುವವರಿಗೆ: ಆಂಡ್ರಾಯ್ಡ್ 10 ಅಥವಾ ನಂತರದ ಆವೃತ್ತಿಯೊಂದಿಗೇ ಬಂದ ಫೋನ್‌ಗಳಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿರುತ್ತದೆ. ಫ್ಯಾಕ್ಟರಿ ರೀಸೆಟ್ ಅದರ ಕೀಲಿಯನ್ನೇ ಅಳಿಸುತ್ತದೆ. ಮೆಮೊರಿ ಕಾರ್ಡ್ ಮಾತ್ರ ಹೊರತೆಗೆದುಕೊಳ್ಳಿ.

ಕೊನೆಯದಾಗಿ, ಇದೇ ಸಂಗತಿ ನಿಮ್ಮ ನೆರವಿಗೂ ಬರುತ್ತದೆ. ಹಾರ್ಡ್ ಡಿಸ್ಕ್‌ನಿಂದ ಮದುವೆ ಫೋಟೊ ತಪ್ಪಿ ಡಿಲೀಟ್ ಆದರೆ ತಕ್ಷಣ ಕಂಪ್ಯೂಟರ್ ಬಳಕೆ ನಿಲ್ಲಿಸಿ. ಮೇಲೆ ಹೊಸದು ಬರೆಯದಿದ್ದರೆ ಅದು ಮರಳಿ ಸಿಗುವ ಅವಕಾಶ ಇದೆ.

ನಮ್ಮ ತೀರ್ಮಾನ: ಬಿನ್ ಖಾಲಿ ಮಾಡಿದರೆ ಸಾಕು ಎಂಬುದು ತಪ್ಪು.